ಕಸ ವಿಂಗಡಿಸುವ ಯಂತ್ರವೂ ಚಿಂದಿ ಆಯುವವರ ಅನ್ನವೂ

ನಮ್ಮ ನಗರಸಭೆಯವರಿಗೆ ಈಗ ಯಂತ್ರದ ಮೋಹ ಹತ್ತಿದೆ. ಕಂಪನಿಯೊಂದರ ಪ್ರತಿನಿಧಿ ಬಂದು ಗೋಡೆಯ ಮೇಲೆ ಚಿತ್ರ ತೋರಿಸಿ ಹೋಗಿದ್ದಾರೆ. ಉದ್ದನೆಯ ಪಟ್ಟಿಯ ಮೇಲೆ ಕಸ ಹರಿದು ಬರುತ್ತದೆ. ಮೇಲಿರುವ ಕ್ಯಾಮೆರಾ ಅದರ ಚಿತ್ರ ಹಿಡಿಯುತ್ತದೆ. ಕಂಪ್ಯೂಟರು ಇದು ಗಾಜು, ಇದು ತಗಡು, ಇದು ರಟ್ಟು ಎಂದು ಗುರುತಿಸುತ್ತದೆ. ಕೂಡಲೇ ಯಂತ್ರದ ಕೈ ಅದನ್ನು ಎತ್ತಿ ಬೇರೆ ಗುಡ್ಡೆಗೆ ಹಾಕುತ್ತದೆ. ಇನ್ನು ಕಸದಲ್ಲಿ ಮನುಷ್ಯರ ಕೈ ಬೀಳಬೇಕಾಗಿಲ್ಲವೆಂದು ಸದಸ್ಯರೊಬ್ಬರು ಹರ್ಷ ವ್ಯಕ್ತಪಡಿಸಿದರು. ಕೇಳುವುದಕ್ಕೆ ಎಷ್ಟು ಇಂಪಾದ ಮಾತು! ಅವರದೇ ವಾರ್ಡಿನಲ್ಲಿ ಹೆಂಗಸರು ಈ ಹೊತ್ತಿಗೂ ಬರಿಗೈಯಲ್ಲಿ ಕಸ ಬಾಚುತ್ತಿದ್ದಾರೆ. ಅವರಿಗೆ ಒಂದು ಜೊತೆ ಕೈಗವಸು ಕೊಡಲು ಹಣವಿಲ್ಲ, ಯಂತ್ರಕ್ಕೆ ಹಣವಿದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ನಾವು ಯಂತ್ರದ ವೈರಿಗಳಲ್ಲ. ಕಸದ ಗುಂಡಿಯಲ್ಲಿ ನಿಂತು ಕೈ ಕೊಯ್ದುಕೊಳ್ಳುವುದು ಯಾರ ಹಣೆಬರಹವೂ ಆಗಬಾರದು. ಆದರೆ ಯಂತ್ರ ಯಾರದು, ಅದಕ್ಕೆ ವಿದ್ಯೆ ಕೊಟ್ಟವರು ಯಾರು, ಅದರ ಲಾಭ ಯಾರ ಜೇಬಿಗೆ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಚಪ್ಪಾಳೆ ತಟ್ಟುವುದು ನಮ್ಮಿಂದಾಗದು. ಡಾ. ರಾಮಮನೋಹರ ಲೋಹಿಯಾ ಅವರು ಸಣ್ಣ ಯಂತ್ರದ ಮಾತನ್ನು ಸುಮ್ಮನೆ ಆಡಲಿಲ್ಲ.

ಹತ್ತಾರು ವರ್ಷ ಮಕ್ಕಳಿಗೆ ಚಿತ್ರಪಟ ತೋರಿಸಿ ಅಕ್ಷರ ಕಲಿಸಿದವರು ನಾವು. ಈ ಯಂತ್ರವೂ ಹಾಗೆಯೇ ಕಲಿಯುತ್ತದೆ. ಸಾವಿರಾರು ಚಿತ್ರಗಳನ್ನು ತೋರಿಸಿ, ಪ್ರತಿಯೊಂದರ ಕೆಳಗೂ ಅದರ ಹೆಸರನ್ನು ಯಾರಾದರೂ ಬರೆದಿಡಬೇಕು. ತೋರಿಸದ ವಸ್ತುವನ್ನು ಅದು ಸರಿಯಾಗಿ ಅರಿಯದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 2016ರಲ್ಲಿ ಟ್ರ್ಯಾಶ್‌ನೆಟ್ ಎಂಬ ಚಿತ್ರಸಂಗ್ರಹ ಮಾಡಿದರು. ಈ ವಿದ್ಯೆಯನ್ನು ಅಭ್ಯಾಸ ಮಾಡುವವರಲ್ಲಿ ಅದು ಬಹಳ ಪ್ರಸಿದ್ಧ. ಅದರಲ್ಲಿರುವುದು 2527 ಚಿತ್ರ: ಗಾಜು, ಕಾಗದ, ರಟ್ಟು, ಪ್ಲಾಸ್ಟಿಕ್, ಲೋಹ ಮತ್ತು ಉಳಿದ ಕಸ ಎಂಬ ಆರು ಬಗೆ. ಈ ಆರನೆಯ ಬಗೆಗೆ ದಕ್ಕಿದ್ದು 137 ಚಿತ್ರ ಮಾತ್ರ. ಒಂದೊಂದು ವಸ್ತುವನ್ನೂ ಬಿಳಿಯ ಹಲಗೆಯ ಮೇಲೆ ಒಂಟಿಯಾಗಿಟ್ಟು ಚಿತ್ರ ತೆಗೆದರು. ಸಾರು ಸುರಿದ ಹಾಲಿನ ಕವರು, ಅನ್ನ ಮೆತ್ತಿದ ಕಾಗದ, ಮಣ್ಣಿನಲ್ಲಿ ಹೂತ ಗುಟ್ಕಾ ಪಾಕೀಟು ಇವುಗಳು ನಮ್ಮ ಗಾಡಿಯಲ್ಲಿ ಬಿಳಿ ಹಲಗೆಯ ಮೇಲೆ ಬರುತ್ತವೆಯೇ?

ಕಣ್ಣಿಗೆ ಕಾಣದ ಕಿರಣ ಹಾಯಿಸಿ ಪ್ಲಾಸ್ಟಿಕಿನ ಜಾತಿ ಹೇಳುವ ಉಪಕರಣವೂ ಉಂಟು. ಆದರೆ ಇಂಗಾಲದ ಮಸಿ ಬೆರೆತ ಕರಿ ಪ್ಲಾಸ್ಟಿಕ್ ಆ ಕಿರಣವನ್ನು ನುಂಗಿಬಿಡುತ್ತದೆ. ಅಲ್ಲಿ ಉಪಕರಣಕ್ಕೆ ಕುರುಡು. ನಮ್ಮ ಗುಜರಿ ಅಂಗಡಿಯ ಹಿತ್ತಲಲ್ಲಿ ಕುಳಿತ ಅಕ್ಕನೊಬ್ಬಳು ಕವರನ್ನು ಕಿವಿಯ ಬಳಿ ಹಿಸುಕಿ ಸದ್ದಿನಿಂದಲೇ ಅದರ ಬಗೆ ಹೇಳುತ್ತಾಳೆ; ಬಾಟಲಿಯನ್ನು ಬಗ್ಗಿಸಿ ನೋಡಿ ಯಾವ ಗುಡ್ಡೆಗೆ ಸೇರಿದ್ದೆಂದು ತೀರ್ಮಾನಿಸುತ್ತಾಳೆ. ಅವಳ ಈ ವಿದ್ಯೆಗೆ ಪ್ರಮಾಣಪತ್ರವಿಲ್ಲ. ನಾಳೆ ಅವಳ ಮುಂದೆ ಕ್ಯಾಮೆರಾ ಹಿಡಿದು ಆ ವಿದ್ಯೆಯನ್ನು ಪುಕ್ಕಟೆ ಕಲಿತುಕೊಂಡು, ಅದನ್ನೇ ಯಂತ್ರದಲ್ಲಿ ತುಂಬಿ, ಅವಳನ್ನೇ ಹೊರಗಟ್ಟುವುದಾದರೆ ಅದಕ್ಕೆ ನಾವು ಕಳ್ಳತನವೆಂದೇ ಕರೆಯುತ್ತೇವೆ.

ಮೂಲ ರೋಗ ಬೇರೆಯೇ ಇದೆ. ನಮ್ಮ ಊರುಗಳ ಕಸದಲ್ಲಿ ಸರಿಸುಮಾರು ಅರ್ಧ ಹಸಿ ಕಸ. ಅದು ಒಣ ಕಸದೊಡನೆ ಕಲಸಿತೆಂದರೆ ರಟ್ಟೂ ಕೆಟ್ಟಿತು, ಗೊಬ್ಬರವೂ ಕೆಟ್ಟಿತು. ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಕಸ ಆಯುವವರನ್ನು ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದೂ ಹೇಳಿದವು. ಬೆಂಗಳೂರು ಬೇರ್ಪಡಿಸದ ಕಸವನ್ನು ಮಾವಳ್ಳಿಪುರಕ್ಕೂ ಮಂಡೂರಿಗೂ ಸುರಿದು ಬಂತು. ಹಳ್ಳಿಯ ನೀರು ಕೆಟ್ಟಿತು, ಗಾಳಿ ಕೆಟ್ಟಿತು. 2014ರಲ್ಲಿ ಮಂಡೂರಿನ ಜನ ದಾರಿಗಡ್ಡ ನಿಂತ ಮೇಲೆಯೇ ಅಧಿಕಾರಸ್ಥರಿಗೆ ಎಚ್ಚರವಾದದ್ದು. ಪಟ್ಟಣದ ಮನೆಗಳಲ್ಲಿ ಎರಡು ಬುಟ್ಟಿ ಇಡಿಸುವ ಛಾತಿ ಇಲ್ಲದವರು ಲಕ್ಷಾಂತರದ ಯಂತ್ರದ ಹಿಂದೆ ಮುಖ ಮರೆಸಿಕೊಳ್ಳುವುದು ನಾಚಿಕೆಗೇಡು.

ದಾರಿ ಇಲ್ಲವೇ? ಇದೆ. ಪುಣೆಯಲ್ಲಿ 1993ರಲ್ಲಿ ಕಾಗದ, ಗಾಜು, ತಗಡು ಆಯುವ ಹೆಂಗಸರು ತಮ್ಮದೇ ಸಂಘ ಕಟ್ಟಿದರು. ಹಮಾಲರ ಪಂಚಾಯತ್ ಕಟ್ಟಿದ ಸಮಾಜವಾದಿ ಬಾಬಾ ಆಢಾವರು ಅವರ ಬೆನ್ನಿಗೆ ನಿಂತರು. ಅದರಿಂದ ಹುಟ್ಟಿದ 'ಸ್ವಚ್ಛ್' ಸಹಕಾರ ಸಂಘ 2008ರಲ್ಲಿ ಪುಣೆ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸವನ್ನು ತಾನೇ ಎತ್ತಿತು. ಕಸದ ಒಡೆತನ ಆಯುವವರ ಕೈಗೆ ಬಂದಾಗ ಊರೂ ಚೊಕ್ಕಟವಾಗುತ್ತದೆ, ಅವರ ಮಕ್ಕಳೂ ಶಾಲೆಯ ಮುಖ ಕಾಣುತ್ತಾರೆ.

ಆದ್ದರಿಂದ ನಗರಸಭೆಯ ಮುಂದೆ ನಮ್ಮ ಬೇಡಿಕೆಗಳು ಇವು. ಒಂದು, ಯಂತ್ರದ ಬೆಲೆ, ವಿದ್ಯುತ್ತಿನ ಖರ್ಚು, ದುರಸ್ತಿಯ ಹೊಣೆ ಇವೆಲ್ಲವನ್ನೂ ಟೆಂಡರಿಗೆ ಮುಂಚೆ ಕಚೇರಿಯ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಚ್ಚಬೇಕು. ಎರಡು, ಪೌರಕಾರ್ಮಿಕರಿಗೆ ಕೈಗವಸು, ಬೂಟು, ತಿಂಗಳು ತಿಂಗಳಿಗೆ ಸರಿಯಾದ ಸಂಬಳ ಮೊದಲು ಸಲ್ಲಬೇಕು. ಮೂರು, ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟು, ಒಣ ಕಸದ ಕೇಂದ್ರವನ್ನು ಅವರ ಸಹಕಾರ ಸಂಘಕ್ಕೇ ವಹಿಸಬೇಕು. ನಾಲ್ಕು, ಆಮೇಲೂ ಯಂತ್ರ ಬೇಕೆನಿಸಿದರೆ ಆ ಸಂಘವೇ ಅದನ್ನು ಆರಿಸಿಕೊಳ್ಳಲಿ. ಯಂತ್ರಕ್ಕೆ ವಸ್ತುಗಳ ಹೆಸರು ಕಲಿಸಿದ ಕೆಲಸಕ್ಕೆ ಕೂಲಿ ಸಿಗಲಿ. ಬಂದ ಲಾಭ ಸಂಘದ ಪೆಟ್ಟಿಗೆಗೆ ಬೀಳಲಿ.

ಮುಂದಿನ ಸಾಮಾನ್ಯ ಸಭೆಯ ದಿನ ನಾವು ಆಯುವವರೊಡನೆ ನಗರಸಭೆಯ ಬಾಗಿಲಲ್ಲಿರುತ್ತೇವೆ. ಓದುಗ ಬಂಧುಗಳೂ ಬರಬೇಕು. ಬರುವ ಮುನ್ನ ತಮ್ಮ ತಮ್ಮ ಮನೆಯ ಹಸಿ ಕಸವನ್ನೂ ಒಣ ಕಸವನ್ನೂ ಬೇರೆ ಮಾಡಿಟ್ಟು ಬರಬೇಕೆಂದು ನಮ್ಮ ವಿನಂತಿ.