ಕನ್ನಡಕ ನೋಡುವುದು ಯಾರನ್ನು?

ರೇ-ಬ್ಯಾನ್ ಮೆಟಾ ಕನ್ನಡಕ 2025ರ ಮೇ ತಿಂಗಳಲ್ಲಿ ಭಾರತಕ್ಕೆ ಬಂತು. ಆರಂಭದ ಬೆಲೆ 29,900 ರೂಪಾಯಿ. ಬನ್ನಿಮಂಟಪದ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲೂ ಈಗ ಅದರದೇ ಮಾತು. ಆಸೆ ನನಗೂ ಇದೆ. ಟೈಟ್ರೇಷನ್ ಮಾಡುವಾಗ ಎರಡು ಕೈಗೂ ಕೆಲಸ. ಬಣ್ಣ ತಿರುಗಿಸುವ ಆ ಒಂದು ಹನಿಯನ್ನು ಕಣ್ಣಿಗೆ ಕಂಡಂತೆಯೇ ಚಿತ್ರಿಸಿ ಕೊನೆಯ ಬೆಂಚಿಗೂ ತೋರಿಸಬಹುದು.

ಆದರೆ ಅಭ್ಯಾಸ ಪಾಠವನ್ನೂ ಇದರಲ್ಲೇ ದಾಖಲಿಸೋಣ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ತಿದ್ದಿಕೊಳ್ಳಬೇಕಾದವರು ನಾವು, ನಮ್ಮ ಮೂಗಿನ ಮೇಲಿನ ಕ್ಯಾಮೆರಾ ಹಿಡಿಯುವುದು ಮಕ್ಕಳನ್ನು. ತಪ್ಪು ಉತ್ತರ ಹೇಳಿ ತಲೆ ತಗ್ಗಿಸಿದ ಹುಡುಗಿಯ ಮುಖವೂ ಅದರಲ್ಲಿ ಉಳಿಯುತ್ತದೆ. ಮೊಬೈಲ್ ಎತ್ತಿ ಹಿಡಿದರೆ ಮಕ್ಕಳಿಗೆ ಗೊತ್ತಾಗುತ್ತದೆ. ಇಲ್ಲಿ ಫ್ರೇಮಿನ ಮೂಲೆಯ ಪುಟ್ಟ ದೀಪವೊಂದೇ ಸೂಚನೆ. (ಅದು ಕಂಡರೂ ಎಂಟನೆಯ ತರಗತಿಯ ಮಗು ಮೇಷ್ಟ್ರಿಗೆ ‘ಬೇಡ’ ಅನ್ನುತ್ತದೆಯೇ?)

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ. ಆ ಹಕ್ಕಿಗೆ ವಯಸ್ಸಿನ ಮಿತಿಯಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಂತೂ 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನೇ ಮುಖ್ಯ ನಿಯಮವಾಗಿಸಿದೆ.

ಕನ್ನಡಕ ಪ್ರಯೋಗಾಲಯದಲ್ಲಿರಲಿ, ಮಕ್ಕಳಿಲ್ಲದ ಹೊತ್ತಿನಲ್ಲಿ. ಪಾಠದ ದಾಖಲೆಗೆ ತರಗತಿಯ ಹಿಂದುಗಡೆ, ಕರಿಹಲಗೆಯತ್ತ ಮುಖಮಾಡಿ ನಿಲ್ಲಿಸಿದ ಮೊಬೈಲ್ ಸಾಕು. ಮಕ್ಕಳ ಬೆನ್ನು ಕಾಣುತ್ತದೆ, ನಮ್ಮ ತಡವರಿಕೆ ಪೂರ್ತಿ ಕಾಣುತ್ತದೆ.