ಸೋರುವ ದೋಣಿಗೆ ಡಾಂಬರು ಮೆತ್ತಿ ರಿಪೇರಿ ಅನ್ನಬೇಡಿ

ಕೃಷ್ಣಾ, ಮಲಪ್ರಭಾ ದಂಡೆಯ ಊರುಗಳು 2019ರ ಆಗಸ್ಟ್ ಪ್ರವಾಹವನ್ನು ಮರೆತಿಲ್ಲ. ಹೊಳೆ ಏರಿದರೆ ಮೊದಲು ಬೇಕಾಗುವುದು ದೋಣಿ. ಆದರೆ ನಾವು ವರದಿಗೆ ಹೋದ ಊರೊಂದರಲ್ಲಿ ಅಲ್ಯೂಮಿನಿಯಂ ದೋಣಿ ಶೆಡ್ಡಿನ ಹಿಂದೆ ಬೋರಲು ಬಿದ್ದಿದೆ. ಕೇಳಿದರೆ ಒಂದೇ ಉತ್ತರ: "ಸೋರ್ತದ್ರೀ, ಹೊಸಾದಕ್ಕ ಬರದೀವಿ."

ನಮ್ಮ ತಕರಾರು ಇರುವುದೇ ಈ ಉತ್ತರದ ಬಗ್ಗೆ. ಸೋರಿದ ಮಾತ್ರಕ್ಕೆ ದೋಣಿ ಗುಜರಿಯಾಗುವುದಿಲ್ಲ.

ಇಂಥ ದೋಣಿ ಹೆಚ್ಚಾಗಿ ಸೋರುವುದು ಕಲ್ಲಿಗೆ ಬಡಿದು ಸಡಿಲಾದ ರಿವೆಟ್ಟಿನಲ್ಲಿ ಅಥವಾ ಬಿರುಕು ಬಿಟ್ಟ ಜೋಡಣೆಯಲ್ಲಿ. ಅದನ್ನು ಹುಡುಕಲು ಎಂಜಿನಿಯರ್ ಬರಬೇಕಿಲ್ಲ. ದೋಣಿಯನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿ, ತಳದ ಹೊರಭಾಗ ಒರೆಸಿ, ಒಳಗೆ ನಾಲ್ಕು ಬೆರಳು ನೀರು ಹಾಕಿ. ಎಲ್ಲಿ ಹನಿಯುತ್ತದೋ ಅಲ್ಲಿ ಗುರುತು ಮಾಡಿ.

ಸಡಿಲ ರಿವೆಟ್ಟಿಗೆ ಒಬ್ಬರು ಒಂದು ಕಡೆ ಭಾರದ ಕಬ್ಬಿಣ ಒತ್ತಿ ಹಿಡಿದು, ಇನ್ನೊಬ್ಬರು ಆಚೆ ಕಡೆಯಿಂದ ಸುತ್ತಿಗೆಯಲ್ಲಿ ಬಡಿದರೆ ಬಿಗಿಯಾಗುತ್ತದೆ. ತೂತು ಅಗಲವಾಗಿದ್ದರೆ ಹಳೆಯದನ್ನು ಕೊರೆದು ತೆಗೆದು, ಒಂದು ಸೈಜು ದೊಡ್ಡ ಅಲ್ಯೂಮಿನಿಯಂ ರಿವೆಟ್ಟನ್ನು ಸೀಲಂಟ್ ಹಚ್ಚಿ ಹಾಕಬೇಕು. ಬಿರುಕಿದ್ದರೆ ಎರಡೂ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ತಡೆದು, ಆಮೇಲೆ ಬೆಸೆಯಬೇಕು. ಗೇಟು, ಕಿಟಕಿ ಮಾಡುವ ಸಾದಾ ವೆಲ್ಡಿಂಗ್ ಇದಕ್ಕೆ ಆಗದು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಅದರ ಮೇಲಿನ ಆಕ್ಸೈಡ್ ಪದರ ಕರಗಲು 2000 ಡಿಗ್ರಿ ದಾಟಬೇಕು. ಹಾಗಾಗಿ ಆರ್ಗಾನ್ ಗ್ಯಾಸ್ ಬಳಸುವ ಟಿಗ್ ವೆಲ್ಡಿಂಗ್ ಗೊತ್ತಿರುವವರೇ ಬೇಕು.

ಇದನ್ನೆಲ್ಲ ಬಿಟ್ಟು ಮಾಡುವುದೇನು? ಡಾಂಬರು, ಎಂ-ಸೀಲ್ ಮೆತ್ತುತ್ತಾರೆ. ತಳದ ತಗಡು ನೀರಿನ ಹೊಡೆತಕ್ಕೆ ಅದುರಿದಂತೆ ಮೆತ್ತಿದ್ದು ಕಿತ್ತು ಬರುತ್ತದೆ. ಇಲ್ಲವೇ ಕಬ್ಬಿಣದ ಬೋಲ್ಟ್ ಬಿಗಿಯುತ್ತಾರೆ. ನೀರಿನಲ್ಲಿ ಕಬ್ಬಿಣ ತಾಗಿದ ಕಡೆ ಅಲ್ಯೂಮಿನಿಯಂ ಸವೆದು ತೂತು ಇನ್ನೂ ಅಗಲವಾಗುತ್ತದೆ.

"ಸ್ವಲ್ಪ ಸೋರಿದರೇನು, ಬಕೆಟ್‌ನಲ್ಲಿ ಚೆಲ್ಲಿದರಾಯ್ತು" ಅನ್ನುವವರಿಗೆ ಒಂದು ಲೆಕ್ಕ. ಒಂದು ಲೀಟರ್ ನೀರು ಒಂದು ಕೆಜಿ. ಹತ್ತು ಕೊಡ ಒಳಬಂದರೆ ಎರಡು ಮೂರು ಜನ ಹೆಚ್ಚು ಕೂತಂತೆ. ಜನರಾದರೂ ಕೂತಲ್ಲಿ ಕೂತಿರುತ್ತಾರೆ, ನೀರು ವಾಲಿದ ಕಡೆಗೇ ಹರಿದು ದೋಣಿಯನ್ನು ಇನ್ನಷ್ಟು ವಾಲಿಸುತ್ತದೆ.

ಹೊಸ ದೋಣಿಗೆ ಟೆಂಡರ್ ಇರುತ್ತದೆ, ಪೂಜೆ ಇರುತ್ತದೆ, ಫೋಟೊ ಇರುತ್ತದೆ. ರಿವೆಟ್ಟು ಬಡಿದರೆ ಯಾರೂ ಹಾರ ಹಾಕುವುದಿಲ್ಲ. ರಿಪೇರಿ ಯಾರಿಗೂ ಬೇಡವಾಗಿರುವುದು ಇದಕ್ಕೇ.

ಮಳೆಗಾಲಕ್ಕೆ ಮೊದಲು ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ದೋಣಿಯನ್ನು ಕೊನೆಯ ಬಾರಿ ನೀರಿಗಿಳಿಸಿ ನೋಡಿದ್ದು ಯಾವಾಗ? ರಿಪೇರಿಗೆ ಎಷ್ಟು ಹಣ ಇಟ್ಟಿದ್ದೀರಿ? ಜವಾಬ್ದಾರಿ ಯಾರದು? ಎಂಜಿನ್ ಇರುವ ದೋಣಿಯಾದರೆ 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ಸರ್ವೆ ಪ್ರಮಾಣಪತ್ರ ತೋರಿಸಲು ಹೇಳಿ. ಬಾಯಿಮಾತಲ್ಲಿ ಸಾಗಹಾಕಿದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಕೊಡಿ. 30 ದಿನದೊಳಗೆ ಉತ್ತರಿಸಲೇಬೇಕು. ಆ ಉತ್ತರದ ಫೋಟೊ ನಮಗೂ ಕಳಿಸಿ, ಇಲ್ಲೇ ಹಾಕುತ್ತೇವೆ.