ಫೋಟೋ ಕಾಗದಕ್ಕೆ ಇಳಿಯಲಿ

2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಗೆ ಸುನಾಮಿ ಅಪ್ಪಳಿಸಿತು. ಊರಿಗೆ ಊರೇ ಕೊಚ್ಚಿಹೋಯಿತು. ಹದಿನೆಂಟು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಕಣ್ಮರೆಯಾದರು. ಅವಶೇಷಗಳ ನಡುವೆ ಬದುಕುಳಿದವರನ್ನು ಹುಡುಕುತ್ತಿದ್ದ ಸೈನಿಕರು ಮತ್ತು ಅಗ್ನಿಶಾಮಕ ದಳದವರು, ಕೆಸರಿನಲ್ಲಿ ಸಿಕ್ಕಿದ ಫೋಟೋ ಆಲ್ಬಂಗಳನ್ನು ಎಸೆಯದೆ ಬದಿಗೆ ತೆಗೆದಿಟ್ಟರು. ಬಳಿಕ ಸ್ವಯಂಸೇವಕರು ಅವುಗಳನ್ನು ಒಂದೊಂದಾಗಿ ತೊಳೆದು, ದಾರಕ್ಕೆ ತೂಗುಹಾಕಿ ಒಣಗಿಸಿದರು. ಮಿಯಾಗಿ ಪ್ರಾಂತದ ಯಮಾಮೊಟೊ ಎಂಬ ಸಣ್ಣ ಪಟ್ಟಣವೊಂದರಲ್ಲೇ ಹೀಗೆ ಸಂಗ್ರಹವಾದ ಫೋಟೋಗಳು ಸುಮಾರು 7.5 ಲಕ್ಷ. ಮನೆಮಠ ಕಳೆದುಕೊಂಡವರು ಬಂದು ತಮ್ಮವರ ಮುಖಗಳನ್ನು ಹುಡುಕಿಕೊಂಡು ಒಯ್ದರು.

ಅದೇ ಕೆಸರಿನಲ್ಲಿ ಮೊಬೈಲ್ ಫೋನುಗಳೂ ಕಂಪ್ಯೂಟರುಗಳೂ ಇದ್ದಿರಲೇಬೇಕು. ಆದರೆ ಉಪ್ಪುನೀರು ಕುಡಿದ ಹಾರ್ಡ್ ಡಿಸ್ಕ್ ಒಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರೊಳಗೆ ಯಾರ ಮದುವೆಯಿದೆ, ಯಾರ ಮಗುವಿದೆ ಎಂದು ತಿಳಿಯುವುದಿಲ್ಲ. ಕಾಗದದ ಫೋಟೋ ಹಾಗಲ್ಲ. ಅರ್ಧ ಅಳಿಸಿಹೋಗಿದ್ದರೂ ಉಳಿದರ್ಧದಲ್ಲಿ ಮುಖ ಕಾಣುತ್ತದೆ. ಅದನ್ನು ಓದಲು ವಿದ್ಯುತ್ ಬೇಡ, ಪಾಸ್‌ವರ್ಡ್ ಬೇಡ, ಕಣ್ಣೊಂದಿದ್ದರೆ ಸಾಕು.

ನೀರಿಗೆ ಬಿದ್ದ ಫೋಟೋ ಉಳಿದದ್ದು ಹೇಗೆ?

ಸ್ಟುಡಿಯೋದಲ್ಲಿ ರಾಸಾಯನಿಕ ವಿಧಾನದಿಂದ ಮುದ್ರಿಸಿದ ಫೋಟೋದಲ್ಲಿ ಚಿತ್ರವಿರುವುದು ಕಾಗದದೊಳಗಲ್ಲ, ಅದರ ಮೇಲಿನ ಜೆಲಟಿನ್ ಎಂಬ ತೆಳುಪದರದಲ್ಲಿ. ಪ್ರಾಣಿಗಳ ಮೂಳೆ, ಚರ್ಮಗಳಿಂದ ಸಿಗುವ ಪ್ರೋಟೀನು ಇದು. ಕಪ್ಪು-ಬಿಳುಪು ಫೋಟೋದಲ್ಲಿ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನೂ, ವರ್ಣಚಿತ್ರದಲ್ಲಿ ಬಣ್ಣದ ಅಣುಗಳನ್ನೂ ಇದು ಹಿಡಿದಿಟ್ಟುಕೊಳ್ಳುತ್ತದೆ. ತಣ್ಣೀರಿನಲ್ಲಿ ಜೆಲಟಿನ್ ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ. ನಿಜವಾದ ಶತ್ರು ಎಂದರೆ ಕೆಸರಿನಲ್ಲಿರುವ ಬ್ಯಾಕ್ಟೀರಿಯಾ. ಅವು ಜೆಲಟಿನ್ನನ್ನು ತಿನ್ನುತ್ತವೆ, ಆಗ ಬಣ್ಣ ಹರಿದುಹೋಗುತ್ತದೆ. ಆದ್ದರಿಂದಲೇ ಜಪಾನಿನಲ್ಲಿ ತೊಳೆಯುವ ಕೆಲಸಕ್ಕೆ ಅಷ್ಟು ಅವಸರವಿತ್ತು. ಫೂಜಿಫಿಲ್ಮ್ ಕಂಪನಿಯ ತಜ್ಞರು ಅದರ ವಿಧಾನವನ್ನು ಊರೂರಿಗೆ ತಿಳಿಸಿಕೊಟ್ಟರು.

2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿಯಿತು, 2019ರಲ್ಲಿ ಮಲಪ್ರಭೆ, ಕೃಷ್ಣೆಯ ತೀರಗಳು ಮುಳುಗಿದವು. ಆದ್ದರಿಂದ ಈ ವಿಷಯ ನಮಗೂ ಗೊತ್ತಿರಬೇಕು. ನೆನೆದ ಸ್ಟುಡಿಯೋ ಫೋಟೋಗಳನ್ನು ಬಿಸಿಲಿಗೆ ಹರವಬಾರದು. ಶುದ್ಧವಾದ ತಣ್ಣೀರಿನಲ್ಲಿ ಮೆಲ್ಲಗೆ ಜಾಲಾಡಿ, ನೆರಳಿನಲ್ಲಿ ಒಣಗಿಸಬೇಕು. ಒಂದಕ್ಕೊಂದು ಅಂಟಿಕೊಂಡಿದ್ದರೆ ಒಣಗಿದಾಗ ಎಳೆಯದೆ, ನೀರಿನಲ್ಲಿ ನೆನೆಸಿ ಬಿಡಿಸಬೇಕು. ಆದರೆ ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಮುದ್ರಿಸಿದ ಚಿತ್ರಗಳನ್ನು ನೀರಿಗೆ ಹಾಕಬಾರದು. ಅವುಗಳ ಶಾಯಿ ಕರಗಿ ಹರಿದೀತು.

ಮೆಲ್ಲಗೆ ಮಾಸುವುದು, ಒಮ್ಮೆಗೇ ಮಾಯವಾಗುವುದು

ಕಾಗದದ ಫೋಟೋ ಮುಪ್ಪಾಗುತ್ತದೆ. ಬಣ್ಣ ಮಾಸುತ್ತದೆ, ಅಂಚು ಹಳದಿಯಾಗುತ್ತದೆ. ಇದು ವರ್ಷಗಟ್ಟಲೆ ನಡೆಯುವ ಕ್ರಿಯೆಯಾದ್ದರಿಂದ ಮನೆಯವರಿಗೆ ಎಚ್ಚರಿಕೆ ಸಿಗುತ್ತದೆ. ಡಿಜಿಟಲ್ ಚಿತ್ರವಾದರೋ ಸೊನ್ನೆ ಮತ್ತು ಒಂದುಗಳ ಉದ್ದನೆಯ ಸಾಲು. ಸಾಲಿನ ಆರಂಭದ ಭಾಗವೇ ಕೆಟ್ಟರೆ ಇಡೀ ಚಿತ್ರ ತೆರೆದುಕೊಳ್ಳದೆ ಹೋಗಬಹುದು. ನಿನ್ನೆಯವರೆಗೆ ಚೆನ್ನಾಗಿದ್ದ ಚಿತ್ರ ಇವತ್ತು ಇಲ್ಲ.

ದೊಡ್ಡ ಕಂಪನಿಗಳ ಬಳಿ ಇಟ್ಟರೆ ಸುರಕ್ಷಿತವಲ್ಲವೇ ಎಂದು ಕೇಳಬಹುದು. ಒಂದು ಕಾಲಕ್ಕೆ ಜಗತ್ತಿನ ಅತಿ ಜನಪ್ರಿಯ ಸಾಮಾಜಿಕ ಜಾಲತಾಣವಾಗಿದ್ದ ಅಮೆರಿಕದ ಮೈಸ್ಪೇಸ್, ಮೂರು ವರ್ಷಕ್ಕಿಂತ ಹಿಂದೆ ಬಳಕೆದಾರರು ಸೇರಿಸಿದ್ದ ಫೋಟೋ, ವಿಡಿಯೋ, ಹಾಡುಗಳು ಕಳೆದುಹೋಗಿರಬಹುದೆಂದು 2019ರಲ್ಲಿ ಒಪ್ಪಿಕೊಂಡಿತು. ಕಾರಣ, ಮಾಹಿತಿಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವಾಗ ಆದ ತೊಂದರೆ. ಇಂಟರ್‌ನೆಟ್ಟಿನ ಪಿತಾಮಹರಲ್ಲಿ ಒಬ್ಬರಾದ ವಿಂಟ್ ಸರ್ಫ್ ಅವರೇ 2015ರಲ್ಲಿ ವಿಜ್ಞಾನಿಗಳ ಸಭೆಯ ಸಂದರ್ಭದಲ್ಲಿ, ಬೇಕೇಬೇಕೆನಿಸುವ ಫೋಟೋಗಳನ್ನು ಕಾಗದದ ಮೇಲೆ ಮುದ್ರಿಸಿಟ್ಟುಕೊಳ್ಳಿ ಎಂದು ಸಲಹೆ ಕೊಟ್ಟಿದ್ದರು.

ಹಾಗೆಂದು ಡಿಜಿಟಲ್ ಪ್ರತಿಯನ್ನು ಹಳಿಯಬೇಕಾಗಿಲ್ಲ. ಕಾಗದಕ್ಕೆ ಬೆಂಕಿಯ ಭಯವಿದೆ, ಗೆದ್ದಲಿನ ಭಯವಿದೆ, ಮಲೆನಾಡಿನಲ್ಲಾದರೆ ಬೂಷ್ಟಿನ ಭಯವೂ ಉಂಟು. ಯಮಾಮೊಟೊದಲ್ಲಿ ತೊಳೆದ ಫೋಟೋಗಳನ್ನು ಕಂಪ್ಯೂಟರಿಗೂ ಸೇರಿಸಿದ್ದರಿಂದಲೇ ವಾರಸುದಾರರಿಗೆ ಹುಡುಕುವುದು ಸುಲಭವಾಯಿತು. ಎರಡೂ ಇರಲಿ, ಆದರೆ ಇಂದು ಹೆಚ್ಚಿನ ಮನೆಗಳಲ್ಲಿ ಇರುವುದು ಒಂದೇ.

ಆರಿಸುವುದೇ ಪಾಠ

ಫಿಲಂ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ಪ್ರತಿ ಬಾರಿ ಗುಂಡಿ ಒತ್ತುವ ಮೊದಲು ಯೋಚನೆ ಇರುತ್ತಿತ್ತು. ಈಗ ಒಂದು ಶಾಲಾ ಪ್ರವಾಸದಲ್ಲೇ ಐನೂರು ಚಿತ್ರ ತೆಗೆಯಬಹುದು. ತೆಗೆದವರೇ ಮತ್ತೆ ನೋಡುವುದಿಲ್ಲ. ಅವುಗಳಲ್ಲಿ ಹನ್ನೆರಡನ್ನು ಮಾತ್ರ ಮುದ್ರಿಸಬೇಕೆಂದು ಮಗುವಿಗೆ ಹೇಳಿ ನೋಡಿ. ಯಾವುದರಲ್ಲಿ ಬೆಳಕು ಸರಿಯಾಗಿದೆ, ಯಾವುದರಲ್ಲಿ ಗೆಳೆಯನ ನಗು ನಿಜವಾದದ್ದು ಎಂದು ತೂಗಿ ನೋಡಬೇಕಾಗುತ್ತದೆ. ಆಗ ಕಣ್ಣಿಗೆ ಅಭ್ಯಾಸವಾಗುತ್ತದೆ.

ಲೆಕ್ಕವೂ ಸರಳ. ಇಂಚಿಗೆ 300 ಚುಕ್ಕೆಗಳಂತೆ 6 ಇಂಚು ಉದ್ದ, 4 ಇಂಚು ಅಗಲದ ಚಿತ್ರಕ್ಕೆ 1800 ಗುಣಿಸು 1200, ಅಂದರೆ ಸುಮಾರು 22 ಲಕ್ಷ ಚುಕ್ಕೆ ಬೇಕು. 12 ಮೆಗಾಪಿಕ್ಸೆಲ್ ಫೋನಿನಲ್ಲಿ 1 ಕೋಟಿ 20 ಲಕ್ಷ ಚುಕ್ಕೆಗಳಿರುತ್ತವೆ, ಧಾರಾಳವಾಯಿತು. ಆದರೆ ಸಂದೇಶದ ಮೂಲಕ ಕಳುಹಿಸಿದ ಚಿತ್ರಗಳು ದಾರಿಯಲ್ಲಿ ಸಾಮಾನ್ಯವಾಗಿ ಕುಗ್ಗಿರುತ್ತವೆ. ಮುದ್ರಣಕ್ಕೆ ಮೂಲ ಪ್ರತಿಯನ್ನೇ ಕೊಡಬೇಕು.

ಬಿಸಿಲೇ ಮುದ್ರಣಾಲಯ

ಪ್ರಿಂಟರ್ ಇಲ್ಲದೆ ತಮ್ಮ ಕೈಯಿಂದಲೇ ಫೋಟೋ ಮುದ್ರಿಸುವ ಒಂದು ವಿಧಾನವನ್ನು ಶಾಲೆಯ ಪ್ರಯೋಗಾಲಯದಲ್ಲಿ ಮಾಡಿ ನೋಡಬಹುದು. ಅದು ಸಯನೋಟೈಪ್. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಇದನ್ನು ಕಂಡುಹಿಡಿದ. ಮರುವರ್ಷವೇ ಅನ್ನಾ ಆಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ ಕಡಲ ಪಾಚಿಗಳನ್ನು ಕಾಗದದ ಮೇಲಿಟ್ಟು ಹೀಗೆ ಚಿತ್ರ ತೆಗೆದು ಪುಸ್ತಕವನ್ನೇ ಹೊರತರತೊಡಗಿದಳು. ಫೋಟೋಗಳಿರುವ ಜಗತ್ತಿನ ಮೊದಲ ಪುಸ್ತಕವೆಂದು ಅದಕ್ಕೆ ಹೆಸರಿದೆ.

ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ ಅನ್ನು 100 ಮಿ.ಲೀ. ನೀರಿನಲ್ಲೂ, ಪೊಟ್ಯಾಸಿಯಂ ಫೆರಿಸೈನೈಡ್ 10 ಗ್ರಾಂ ಅನ್ನು ಇನ್ನೊಂದು 100 ಮಿ.ಲೀ. ನೀರಿನಲ್ಲೂ ಬೇರೆ ಬೇರೆಯಾಗಿ ಕರಗಿಸಬೇಕು. ಬೇಕಾದಾಗ ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸಿ, ದಪ್ಪ ಡ್ರಾಯಿಂಗ್ ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಬೇಕು. ಫೋನಿನ ಚಿತ್ರವನ್ನು ಕಪ್ಪು-ಬಿಳುಪು ಮಾಡಿ, ಕಪ್ಪನ್ನು ಬಿಳಿಯಾಗಿ ಬಿಳಿಯನ್ನು ಕಪ್ಪಾಗಿ ತಿರುಗಿಸಿ, ಪಾರದರ್ಶಕ ಹಾಳೆಯ ಮೇಲೆ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡರೆ ಅದೇ ನೆಗೆಟಿವ್. ಅದನ್ನು ಕಾಗದದ ಮೇಲಿಟ್ಟು, ಗಾಜು ಮುಚ್ಚಿ, ಹತ್ತು ಹದಿನೈದು ನಿಮಿಷ ಬಿಸಿಲಿಗೆ ಹಿಡಿಯಬೇಕು. ಬಳಿಕ ಹಳದಿ ಬಣ್ಣ ಪೂರ್ತಿ ಹೋಗುವವರೆಗೆ ನೀರಿನಲ್ಲಿ ತೊಳೆದರೆ ನೀಲಿ ಚಿತ್ರ ಮೂಡುತ್ತದೆ.

ಇಲ್ಲಿ ನಡೆಯುವುದಿಷ್ಟು: ಬಿಸಿಲಿನ ಅತಿನೇರಳೆ ಕಿರಣಗಳು ಫೆರಿಕ್ ಕಬ್ಬಿಣವನ್ನು ಫೆರಸ್ ಕಬ್ಬಿಣವಾಗಿ ಬದಲಿಸುತ್ತವೆ. ಅದು ಫೆರಿಸೈನೈಡ್ ಜೊತೆ ಸೇರಿ, ನೀರಿನಲ್ಲಿ ಕರಗದ ಪ್ರಷ್ಯನ್ ನೀಲಿಯಾಗುತ್ತದೆ. ಬೆಳಕು ಬೀಳದ ಕಡೆಯ ರಾಸಾಯನಿಕ ತೊಳೆದುಹೋಗಿ ಬಿಳಿ ಉಳಿಯುತ್ತದೆ. ಕೈಗವಸು ಧರಿಸಿ, ಶಿಕ್ಷಕರ ಎದುರಿನಲ್ಲೇ ಈ ಪ್ರಯೋಗ ಮಾಡಬೇಕು. ಫೆರಿಸೈನೈಡನ್ನು ಆಮ್ಲದ ಹತ್ತಿರ ತರಬಾರದು, ವಿಷಾನಿಲ ಬರುವ ಅಪಾಯವಿದೆ. ಮೊದಲ ಚಿತ್ರ ಪೇಲವವಾದರೆ ಬೇಸರ ಬೇಡ. ಕಾಗದದ ಪಟ್ಟಿಯೊಂದನ್ನು ರಟ್ಟಿನಿಂದ ಮುಚ್ಚಿ, ಎರಡೆರಡು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಸರಿಸುತ್ತ ಹೋದರೆ ಎಷ್ಟು ಬಿಸಿಲು ಬೇಕೆಂದು ಆ ಪಟ್ಟಿಯೇ ಹೇಳುತ್ತದೆ. ಪುಸ್ತಕದಲ್ಲಿ ಓದಿದ ಅಪಕರ್ಷಣ ಕ್ರಿಯೆ ಆಗ ಕಣ್ಣೆದುರೇ ನಡೆದಿರುತ್ತದೆ.

ತಂದೆತಾಯಿಯರಿಗೆ ಒಂದು ಮಾತು. ಹಳೆಯ ಪೆಟ್ಟಿಗೆಯಲ್ಲಿ ಹೆಸರಿಲ್ಲದ ಫೋಟೋಗಳು ಎಲ್ಲರ ಮನೆಯಲ್ಲೂ ಇರುತ್ತವೆ. ಅದರಲ್ಲಿ ನಿಂತವರು ಯಾರೆಂದು ಹೇಳಬಲ್ಲವರು ಅಜ್ಜಿ ಒಬ್ಬರೇ ಆಗಿರಬಹುದು. ಬರುವ ಭಾನುವಾರ ಮಕ್ಕಳನ್ನು ಅವರ ಬಳಿ ಕೂರಿಸಿ, ಒಂದೊಂದು ಫೋಟೋದ ಹಿಂಬದಿಗೂ ಹೆಸರು, ಊರು, ವರ್ಷ ಬರೆಸಿ. ಮೆತ್ತನೆಯ ಪೆನ್ಸಿಲ್ ಇರಲಿ, ಬಾಲ್‌ಪೆನ್ ಒತ್ತಿದರೆ ಗುರುತು ಮುಖದ ಮೇಲೆ ಮೂಡುತ್ತದೆ. ಅಂದೇ ಅಜ್ಜಿಯ ಒಂದು ಹೊಸ ಫೋಟೋ ತೆಗೆದು, ಮುದ್ರಿಸಿ, ಅದರ ಹಿಂದೆಯೂ ಬರೆಯಿರಿ.